ಲುಮಿರನ ಬಲಗಾಲು

ನೆಬ್ರಾಸ್ಕಾದ ಯಾಬ್ಲಾನ್ ಊರಿನಲ್ಲಿ ಲುಮಿರ್ ಝೆಲೆಂಕಾನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಸುತ್ತಮುತ್ತ ಯಾವ ಗಾಡಿ ಕೆಮ್ಮಿದರೂ ಅದು ಯಾರಿಂದಲೂ ಹೇಳಿಸಿಕೊಳ್ಳದೆ ಅವನ ಬಾಗಿಲಿಗೇ ಹೊರಳುತ್ತಿದ್ದಾಗ, ಬೋರ್ಡು ಬರೆಸಿ ಬಣ್ಣ ದಂಡ ಮಾಡುವುದೇಕೆ? ಅವನು ಕಾರ್ಬ್ಯುರೇಟರಿನ ವೈದ್ಯ. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವ ಆ ಪುಟ್ಟ ಲೋಹದ ಅಡುಗೆಮನೆಯಲ್ಲಿ ಉಪ್ಪು ಹೆಚ್ಚಾಗಿದೆಯೋ ನೀರು ಹೆಚ್ಚಾಗಿದೆಯೋ ಎಂಬುದನ್ನು ಹೊಗೆಯ ವಾಸನೆಯಲ್ಲೇ ಹೇಳಿಬಿಡುತ್ತಿದ್ದ. ದೂರದ ರೈತರು ಫೋನು ಮಾಡಿ ರಿಸೀವರನ್ನು ಸೈಲೆನ್ಸರಿನ ಬಾಯಿಗೆ ಹಿಡಿಯುತ್ತಿದ್ದರು. ಇವನು ಈ ತುದಿಯಲ್ಲಿ ಒಂದು ಸಲ ಮೂಸಿ, "ಒಳಗೆ ಫ್ಲೋಟು ತೂತಾಗಿದೆ, ತಗೊಂಡ್ ಬಾ" ಎನ್ನುತ್ತಿದ್ದ. ಫೋನಿನಲ್ಲಿ ವಾಸನೆ ಬರುತ್ತದೆಯೇ ಎಂದು ಕೇಳಬೇಡಿ. ಯಾಬ್ಲಾನಿನ ಟೆಲಿಫೋನ್ ತಂತಿ ಬಹಳ ಹಳೆಯದು, ಅದರಲ್ಲಿ ಏನು ಬೇಕಾದರೂ ಬರುತ್ತಿತ್ತು.

ಆದರೆ ಮೂಗಿಗಿಂತ ಹೆಸರಾದದ್ದು ಅವನ ಬಲಗಾಲು. ಕಾರ್ಬ್ಯುರೇಟರಿನ ಗಾಡಿಯನ್ನು ಚಾಲೂ ಮಾಡಲು ಒಂದು ಶಾಸ್ತ್ರವಿದೆ. ಮೊದಲು ಆಕ್ಸಿಲರೇಟರ್ ಪೆಡಲನ್ನು ಎರಡು ಸಲ ತುಳಿಯಬೇಕು, ಆಗ ಇಂಜಿನ್ನಿನ ಗಂಟಲಿಗೆ ಎರಡು ಗುಟುಕು ಪೆಟ್ರೋಲು ಬೀಳುತ್ತದೆ. ಆಮೇಲೆ ಮೂರನೆಯ ಸಲ ಅರ್ಧಕ್ಕೆ ಒತ್ತಿ ಹಿಡಿದುಕೊಂಡು ಕೀ ತಿರುಗಿಸಬೇಕು. ಊರಿನಲ್ಲಿ ಎಲ್ಲರೂ ಮಾಡುವುದು ಹೀಗೇ. ಲುಮಿರನ ಕಾಲಿಗೆ ಮಾತ್ರ ಇದು ಉಸಿರಾಟದಂತೆ ರೂಢಿಯಾಗಿಬಿಟ್ಟಿತ್ತು. ಊಟದ ಮೇಜಿಗೆ ಕೂತರೂ ಎರಡು ಸಲ ತುಳಿದೇ ಚಮಚ ಎತ್ತುವನು. ನಿದ್ದೆಯಲ್ಲಿ ತುಳಿಯುವನು. ಅವನ ಹೆಂಡತಿ ಆಲ್ಬಿನಾಳ ಎಡಗಾಲಿನ ಮೊಣಕಾಲಿನ ಕೆಳಗೆ ಮದುವೆಯಾದ ಮೊದಲ ವಾರ ಮೂಡಿದ ನೀಲಿ ಗುರುತು ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೂ ಮಾಸಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಆರ್ಗನ್ ವಾದ್ಯ ಶುರುವಾಗುವ ಮುಂಚೆ, ಮೊಣಕಾಲೂರುವ ಹಲಗೆಯನ್ನು ಇವನು ಬೂಟಿನಿಂದ ಎರಡು ಸಲ ಒತ್ತಿ, ಮೂರನೆಯದಕ್ಕೆ ಅರ್ಧ ಹಿಡಿದು ಕಾಯುತ್ತಿದ್ದ. ಆರ್ಗನ್ ತಪ್ಪದೆ ನುಡಿಯುತ್ತಿತ್ತು. ತನ್ನಿಂದಲೇ ನುಡಿಯುತ್ತಿದೆ ಎಂಬ ಗುಮಾನಿ ಅವನಿಗೆ ಒಳಗೊಳಗೇ ಇತ್ತು.

ಈ ಕಾಲನ್ನು ಕಂಡರೆ ನಗದವಳು ಊರಿಗೆಲ್ಲ ಒಬ್ಬಳೇ, ಅವನ ತೀರಿಹೋದ ತಮ್ಮನ ಹೆಂಡತಿ ಲಿಬ್ಬಿ. ನಗಲು ಅವಳಿಗೆ ಪುರುಸೊತ್ತಿರಲಿಲ್ಲ. ಅವಳು ಹಳ್ಳಿ ದಾರಿಯ ಅಂಚೆ ಹಂಚುತ್ತಿದ್ದಳು. ಅಂಚೆಯವರು ಚೀಲ ಕೊಡುತ್ತಾರೆ, ಗಾಡಿ ಕೊಡುವುದಿಲ್ಲ. ಗಾಡಿ ಹಂಚುವವರದೇ. ಸ್ಟಿಯರಿಂಗು ಇರುವುದು ಎಡಕ್ಕೆ, ಹೊಲಮನೆಗಳ ಅಂಚೆ ಡಬ್ಬಿಗಳು ನಿಂತಿರುವುದು ರಸ್ತೆಯ ಬಲಕ್ಕೆ. ಆದ್ದರಿಂದ ಲಿಬ್ಬಿ ಉದ್ದ ಸೀಟಿನ ಬಲತುದಿಯಲ್ಲಿ ಕಿಟಕಿಗೆ ಒತ್ತಿ ಕೂತು, ನಡುವೆ ಕಾಗದದ ಟ್ರೇ ಇಟ್ಟುಕೊಂಡು, ಎಡಗೈಯನ್ನು ಸ್ಟಿಯರಿಂಗಿಗೂ ಎಡಗಾಲನ್ನು ಪೆಡಲಿಗೂ ಚಾಚಿ, ಬಲಗೈಯಲ್ಲಿ ಡಬ್ಬಿಗೆ ಕಾಗದ ತುರುಕುತ್ತಾ ಸಾಗುವಳು. ಎದುರಿನಿಂದ ಬರುವವರಿಗೆ ಕಾಣಿಸುತ್ತಿದ್ದುದು ಚಾಲಕನ ಜಾಗದಲ್ಲಿ ಯಾರೂ ಇಲ್ಲದ ಕಾರು. ಓಹಾಯೋದಿಂದ ಬಂದಿದ್ದ ಒಬ್ಬ ಮಾರಾಟಗಾರ ಅದನ್ನು ನೋಡಿ ಕುಡಿತ ಬಿಟ್ಟ, ಆಮೇಲೆ ಪಾದ್ರಿಯಾದ ಎಂದೂ ಹೇಳುತ್ತಾರೆ.

ಲಿಬ್ಬಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಬೇಸಿಗೆಯಲ್ಲಿ ಆಗಬೇಕಿತ್ತು. ಅಡ್ಡ ನಿಂತದ್ದು ಅವಳ ಹಳೆಯ ಗಾಡಿ. ಅದರ ಪೆಟ್ರೋಲ್ ನಳಿಗೆ ಇಂಜಿನ್ನಿನ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಜುಲೈ ಬಂತೆಂದರೆ ಪೆಟ್ರೋಲು ಕಾರ್ಬ್ಯುರೇಟರನ್ನು ಮುಟ್ಟುವ ಮೊದಲೇ ನಳಿಗೆಯಲ್ಲಿ ಕುದಿದು ಆವಿಯಾಗುವುದು, ಆವಿಯನ್ನು ಪಂಪು ತಳ್ಳಲಾರದು, ಗಾಡಿ ಜೋಳದ ಹೊಲಗಳ ನಡುವೆ ನಿಂತುಬಿಡುವುದು. ಇದಕ್ಕೆ ನಮ್ಮ ಕಡೆ ಇರುವ ಮದ್ದು ಒಂದೇ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ನಳಿಗೆಯ ಉದ್ದಕ್ಕೂ ಕಚ್ಚಿಸುವುದು. ಮರ ಬಿಸಿಯನ್ನು ಹೀರುತ್ತದೆ ಎನ್ನುವವರು ಕೆಲವರು, ಏನೂ ಹೀರುವುದಿಲ್ಲ ಎನ್ನುವವರು ಕೆಲವರು; ಕ್ಲಿಪ್ಪು ಹಾಕುವವರು ಮಾತ್ರ ಎಲ್ಲರೂ. ಲುಮಿರ್ ನಾದಿನಿಯ ಗಾಡಿಗೆ ಎಷ್ಟು ಕ್ಲಿಪ್ಪು ಕಚ್ಚಿಸಿದ್ದನೆಂದರೆ ಬಾನೆಟ್ ತೆಗೆದರೆ ಮುಳ್ಳುಹಂದಿ ಮಲಗಿದಂತೆ ಕಾಣುತ್ತಿತ್ತು. ಅವೆಲ್ಲ ಆಲ್ಬಿನಾಳ ತಂತಿಯಿಂದ ಹೋದವು. ಕ್ಲಿಪ್ಪಿಲ್ಲದೆ ಒಣಗುತ್ತಿದ್ದ ಅವಳ ಹಾಸಿಗೆಯ ಚಾದರವೊಂದು ಗಾಳಿಗೆ ಎದ್ದು ರಾಜ್ಯದ ಗಡಿ ದಾಟಿ ಕಾನ್ಸಾಸಿನಲ್ಲಿ ಇಳಿಯಿತು. ಅಲ್ಲಿಯ ಯಾರೋ ಪುಣ್ಯಾತ್ಮರು ಪಾರ್ಸೆಲ್ ಮಾಡಿ ಕಳಿಸಿದರು. ತಂದುಕೊಟ್ಟವಳು ಲಿಬ್ಬಿಯೇ. ಅದೂ ತಡವಾಗಿ, ದಾರಿಯಲ್ಲಿ ಗಾಡಿ ನಿಂತಿತ್ತು.

ಹೊಸದಾಗಿ ಬಂದ ಪೋಸ್ಟ್‌ಮಾಸ್ಟರ್ ಪ್ರೌಟಿ ತೆಳ್ಳಗಿನ, ಶಿಸ್ತಿನ ಮನುಷ್ಯ. ಅವರು ಗಡಿಯಾರ ಕಟ್ಟಿಕೊಂಡಿರಲಿಲ್ಲ, ಗಡಿಯಾರವೇ ಅವರನ್ನು ಕಟ್ಟಿಕೊಂಡಿತ್ತು. ಒಂದು ಮಧ್ಯಾಹ್ನ ಲಿಬ್ಬಿ ಗಾಡಿ ತೋರಿಸಲು ಬಂದಿದ್ದಾಗ ಅವರು ಗ್ಯಾರೇಜಿಗೇ ಬಂದು ನಿಂತರು.

"ಮಿಸೆಸ್ ಝೆಲೆಂಕಾ, ಸೋಮವಾರದ ಮೇಲಿನ ಸೋಮವಾರ ನಾನೇ ನಿಮ್ಮ ಜೊತೆ ದಾರಿಯೆಲ್ಲ ಬರ್ತೀನಿ. ಗಾಡಿ ನಡೀತು ಅಂದ್ರೆ ಅವತ್ತೇ ನಿಮ್ಮ ಹೆಸರು ಬರೆದು ಕಳಿಸ್ತೀನಿ. ಎಲ್ಲಾದ್ರೂ ಕೈಕೊಡ್ತು ಅಂದ್ರೆ ಈ ದಾರಿ ಪಕ್ಕದೂರಿನವನಿಗೆ. ಅವನ ಹತ್ರ ಹೊಸ ಪಿಕಪ್ಪಿದೆ."

"ಪಿಕಪ್ಪೇನೋ ಇದೆ," ಎಂದಳು ಲಿಬ್ಬಿ. "ವೊಂದ್ರಾ ಮನೆ ನಾಯಿ ಅವನನ್ನ ಗೇಟಿನೊಳಗೆ ಬಿಡುತ್ತಾ ಅಂತ ಅದನ್ನೂ ಒಂದ್ಮಾತು ಕೇಳಿ."

"ನಾಯಿಗಳು ನನ್ನ ಇಲಾಖೆಗೆ ಬರಲ್ಲಮ್ಮ."

ಪ್ರೌಟಿ ಹೋದಮೇಲೆ ಲಿಬ್ಬಿ ಟ್ರೇಯನ್ನು ಮಡಿಲಲ್ಲಿಟ್ಟುಕೊಂಡು ಟೈರುಗಳ ಮೇಲೆ ಕೂತಳು. ದಾರಿ ಹೋದರೆ ಒಮಾಹಾದಲ್ಲಿ ಅವಳ ಅಕ್ಕ ದುಡಿಯುವ ಮಾಂಸದ ಕಾರ್ಖಾನೆಯೇ ಗತಿ. ಅಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ತಣ್ಣನೆಯ ಕೋಣೆಯಲ್ಲಿ ನಿಂತು ಸಾಸೇಜು ಕಟ್ಟುತ್ತಾರೆ.

"ನಂಗೆ ಚಳಿ ತಡೆಯೋಕಾಗಲ್ಲ ಲುಮಿರ್," ಎಂದಳು.

"ಯಾರು ಹೋಗು ಅಂದ್ರು ನಿಂಗೆ? ಗಾಡಿ ನಾನು ನೋಡ್ಕೋತೀನಿ," ಎಂದ ಲುಮಿರ್. ಅಂದ ಮೇಲೆ ಅವನಿಗೆ ರಾತ್ರಿಯ ಊಟ ಇಳಿಯಲಿಲ್ಲ.

ಆ ವಾರವೇ ಅವನು ಲಿಂಕನ್ ಪೇಟೆಗೆ ಹೋಗಿ ಒಂದು ಗಾಡಿಯನ್ನು ಕಟ್ಟಿ ಎಳೆದು ತಂದ. ಆಕಾಶದ ಬಣ್ಣ. ಹಿಂಭಾಗದ ರೆಕ್ಕೆಗಳು ಎಷ್ಟು ಎತ್ತರವೆಂದರೆ ಊರಿನೊಳಗೆ ಬರುವಾಗ ತಂತಿಯ ಮೇಲಿನ ಗುಬ್ಬಚ್ಚಿಗಳು ಕಾಲೆತ್ತಿಕೊಂಡವು. ಯಾವ ಕಂಪನಿಯದೆಂದು ಹೇಳುವುದು ಬೇಡ, ಅವರೂ ಮನೆಮಠ ಇರುವವರು. ನಾಲ್ಕೈದು ವರ್ಷದ ಹಿಂದೆ, ಕಾರ್ಬ್ಯುರೇಟರಿನ ಕಾಲ ಮುಗಿಯಿತು ಎಂದು ಸಾರಿ, ಇಂಜೆಕ್ಷನ್ ಇಟ್ಟು ಹೊರಬಿಟ್ಟ ಕೆಲವೇ ಗಾಡಿಗಳಲ್ಲಿ ಇದೂ ಒಂದು. ಇದರಲ್ಲಿ ಪೆಟ್ರೋಲು ಬಟ್ಟಲಿನಲ್ಲಿ ನಿಂತು ಕುದಿಯುವುದಿಲ್ಲ. ಕೂದಲಿನಷ್ಟು ಸಣ್ಣ ತೂತಿನ ಎಂಟು ಸೂಜಿಗಳಿಂದ ಎಂಟು ಸಿಲಿಂಡರಿಗೂ ನೇರವಾಗಿ ಚಿಮ್ಮುತ್ತದೆ. ಬಿಸಿಲಲ್ಲಿ ಡಬ್ಬಿಯಿಂದ ಡಬ್ಬಿಗೆ ನಿಂತು ನಡೆಯುವ ಅಂಚೆಯವಳಿಗೆ ಇದಕ್ಕಿಂತ ಬೇಕೇ ಎಂದು ಲುಮಿರ್ ಲೆಕ್ಕ ಹಾಕಿದ್ದ. ಒಂದೇ ಊನವೆಂದರೆ ಗಾಡಿ ಚಾಲೂ ಆಗುತ್ತಿರಲಿಲ್ಲ. ಅದರ ಮಾಲೀಕ ಒಬ್ಬ ದಂತವೈದ್ಯ. ಕೋಪದಲ್ಲಿ ಗಾಡಿಯ ಜೊತೆ ಬಂದ ಪುಸ್ತಕವನ್ನು ಒಲೆಗೆ ಹಾಕಿ, "ಇದನ್ನ ಕೀಳೋಕೆ ನನ್ನ ಇಕ್ಕಳ ಸಾಲ್ದು" ಎಂದು ಕೈಮುಗಿದಿದ್ದ.

ಲುಮಿರ್ ಬಾನೆಟ್ ಎತ್ತಿದ. ಕಾರ್ಬ್ಯುರೇಟರ್ ಇರಬೇಕಾದ ಕಡೆ ಅಕಾರ್ಡಿಯನ್ ಪೆಟ್ಟಿಗೆಯ ಹಾಗೊಂದು ಅಲ್ಯುಮಿನಿಯಮ್ ಡಬ್ಬ ಕೂತಿತ್ತು. ಅವನು ಅದನ್ನೊಮ್ಮೆ ಮೂಸಿದ. ಏನೂ ತಿಳಿಯಲಿಲ್ಲ.

"ಏನಂತೆ?" ಎಂದ ಸ್ಟಾನೆಕ್. ಗೋಧಿ ಗೋದಾಮಿನಿಂದ ನಿವೃತ್ತನಾದ ಈ ಮುದುಕ ಗ್ಯಾರೇಜಿನ ಬೆಂಚಿಗೆ ಕಾಯಂ ಆಗಿದ್ದ.

"ಮಾತಾಡ್ತಿಲ್ಲ."

"ಹಲ್ಲಿನ ಡಾಕ್ಟ್ರ ಗಾಡಿ ಅಲ್ವೇನಯ್ಯಾ? ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟಿಸಿರ್ತಾನೆ. ಸ್ವಲ್ಪ ಹೊತ್ತು ಬಿಡು, ಜೊಲ್ಲು ಸುರಿಸಿ ಎಚ್ಚರ ಆಗುತ್ತೆ."

ಲುಮಿರ್ ಚಾಲಕನ ಜಾಗದಲ್ಲಿ ಕೂತ. ಎರಡು ಸಲ ತುಳಿದ, ಮೂರನೆಯದಕ್ಕೆ ಅರ್ಧ ಹಿಡಿದು ಕೀ ತಿರುಗಿಸಿದ. ಇಂಜಿನ್ನು ರೊಯ್ಯ ರೊಯ್ಯನೆ ತಿರುಗಿತು, ಹತ್ತಿಕೊಳ್ಳಲಿಲ್ಲ. ಎಂಟೂ ಸೂಜಿ ಬಿಚ್ಚಿ, ರೇಷ್ಮೆ ದಾರ ತೂರಿಸಿ ತೊಳೆದ. ಒಂದರಲ್ಲಿ ಮಿಡತೆಯ ರೆಕ್ಕೆಯ ಚೂರು ಸಿಕ್ಕಿತು. ಕಳ್ಳ ಸಿಕ್ಕಿದನೆಂದು ಎಲ್ಲರೂ ಕುಣಿದರು. ತುಳಿದ, ತಿರುಗಿಸಿದ. ರೊಯ್ಯ ರೊಯ್ಯ. ಪಂಪು ಬಿಚ್ಚಿ ನೋಡಿದ, ವಯರು ಬದಲಾಯಿಸಿದ, ರೂಢಿಯ ಮೇಲೆ ನಾಲ್ಕು ಕ್ಲಿಪ್ಪೂ ಕಚ್ಚಿಸಿದ. ರೊಯ್ಯ ರೊಯ್ಯ.

ಗುರುವಾರ ಆಲ್ಬಿನಾ ತಟ್ಟೆ ತುಂಬ ಕೊಲಾಚೆ ತಂದಿಟ್ಟಳು, ನಡುವೆ ಗಸಗಸೆಯ ಹೂರಣ ತುಂಬಿದ ಬಿಸಿ ಬನ್ನುಗಳು. ಲುಮಿರ್ ಒಂದನ್ನು ಕಚ್ಚಿಕೊಂಡು ಗಾಡಿಯ ಹೊರಗೆ ನಿಂತೇ, ಬೇಸರಕ್ಕೆ, ಕಿಟಕಿಯಿಂದ ಕೈ ತೂರಿಸಿ ಕೀ ತಿರುಗಿಸಿದ. ಗಾಡಿ ಸಿಂಹದಂತೆ ಗರ್ಜಿಸಿ ಚಾಲೂ ಆಯಿತು! ಲುಮಿರ್ ಬೆಚ್ಚಿ ಕೊಲಾಚೆ ನುಂಗಿದ. ಸ್ಟಾನೆಕ್ ಬೆಂಚಿನಿಂದ ಬಿದ್ದ. ಆರಿಸಿ, ಒಳಗೆ ಕೂತು, ತುಳಿದು, ಮತ್ತೆ ತಿರುಗಿಸಿದರೆ ರೊಯ್ಯ ರೊಯ್ಯ.

"ಗಸಗಸೆ," ಎಂದ ಸ್ಟಾನೆಕ್ ನೆಲದ ಮೇಲಿನಿಂದಲೇ. "ನಿನ್ನ ಬಾಯಲ್ಲಿ ಗಸಗಸೆ ಕೊಲಾಚೆ ಇತ್ತು. ಅದಕ್ಕೆ ಅದು ಬೇಕು."

"ಗಾಡಿಗಾ?"

"ನಂಗೇನ್ ಗೊತ್ತು. ಡಾಕ್ಟ್ರು ಸಿಹಿ ತಿನ್ಬೇಡ ಅಂತ ಕಟ್ಟಿಟ್ಟಿದ್ದ ಅಂತ ಕಾಣುತ್ತೆ, ಆಸೆಪಟ್ಟಿದೆ."

ನೀವು ನಗುತ್ತೀರಿ. ಸೋಮವಾರ ಹತ್ತಿರ ಬರುತ್ತಿದ್ದವನಿಗೆ ನಗು ಬರುವುದಿಲ್ಲ. ಲುಮಿರ್ ಗಸಗಸೆಯ ಕೊಲಾಚೆ ಕಚ್ಚಿಕೊಂಡು ಸೀಟಿನಲ್ಲಿ ಕೂತು ತುಳಿದ. ಆಗಲಿಲ್ಲ. ಏಪ್ರಿಕಾಟಿನದು ಕಚ್ಚಿದ, ಒಣದ್ರಾಕ್ಷಿಯದು ಕಚ್ಚಿದ, ಚೀಸಿನದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಸ್ಟಾನೆಕ್‌ನಿಂದ ಒಂದು ಪ್ರಾರ್ಥನೆ ಹೇಳಿಸಿದ. ಆಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಲ, ಕೋಪದಲ್ಲಿ ಇಳಿದು ಬಾಗಿಲನ್ನು ಒದ್ದು ಹೊರಗಿನಿಂದಲೇ ಕೀ ತಿರುಗಿಸಿದಾಗ ಚಾಲೂ ಆಯಿತು. ಆಗ ಬಾಗಿಲು ಒದೆಯುವ ಪಂಗಡವೊಂದು ಹುಟ್ಟಿತು. ಶನಿವಾರದ ಹೊತ್ತಿಗೆ ಊರು ಗಸಗಸೆಯವರು, ಒದೆಯುವವರು ಎಂದು ಎರಡಾಗಿ, ಬೀರು ಅಂಗಡಿಯಲ್ಲಿ ಬೇರೆಬೇರೆ ಮೇಜಿಗೆ ಕೂರುತ್ತಿತ್ತು. ಲುಮಿರ್ ಮೂರು ಕೇಜಿ ದಪ್ಪನಾದ, ಅವನ ನಿದ್ದೆ ಮಾತ್ರ ಸೊರಗಿತು.

ಲಿಬ್ಬಿ ದಿನಾ ಕೆಲಸ ಮುಗಿಸಿ ಬಂದು ಕೇಳುತ್ತಿದ್ದಳು. "ನಾನೊಂದ್ಸಲ ನೋಡ್ಲಾ?"

"ಮುಟ್ಬೇಡ. ಸರಿಯಾದ್ಮೇಲೆ ಕೊಡ್ತೀನಿ. ನಿಂಗೆ ಗಾಡಿ ಶುರು ಮಾಡೋದೇ ಬರಲ್ಲ. ಎಷ್ಟು ವರ್ಷದಿಂದ ಹೇಳ್ತಿದೀನಿ, ತುಳ್ಕೊಂಡು ತಿರುಗಿಸು ಅಂತ. ನೀನು ಸುಮ್ನೆ ತಿರುಗಿಸ್ತೀಯ."

"ಹೂಂ ಮಾರಾಯ, ನನ್ನ ಕಾಲು ನಿನ್ನ ಕಾಲಿನಷ್ಟು ಓದಿಲ್ಲ."

ಕೊನೆಗೆ ಲುಮಿರ್ ಸೋತು, ಒಮಾಹಾದ ಗುಜರಿಯವನಿಗೆ ಫೋನು ಮಾಡಿ ಹಳೆಯ ಕಾರ್ಬ್ಯುರೇಟರ್ ಒಂದನ್ನು ಕಳಿಸಲು ಹೇಳಿದ. ಇಂಜೆಕ್ಷನ್ ಕಿತ್ತು ಅದನ್ನೇ ಕೂರಿಸುವುದೆಂದು ತೀರ್ಮಾನ. ಅದು ಬರುವುದು ಬುಧವಾರ. ಪ್ರೌಟಿ ಬರುವುದು ಸೋಮವಾರ. ಸೋಮವಾರ ಹಳೆಯ ಗಾಡಿಯನ್ನೇ ದೂಡಿಕೊಂಡಾದರೂ ಕಳಿಸೋಣವೆಂದು ಇದ್ದಾಗ, ಅದು ಶನಿವಾರ ಸಂಜೆ ಗ್ಯಾರೇಜಿನ ಮುಂದೆಯೇ ಪೆಟ್ರೋಲ್ ಪಂಪು ಒಡೆದುಕೊಂಡು, ಕ್ಲಿಪ್ಪುಗಳ ಸಮೇತ ಪ್ರಾಣ ಬಿಟ್ಟಿತು.

ಸೋಮವಾರ ಬೆಳಗ್ಗೆ ಪ್ರೌಟಿ ಹಿಂದಿನ ಸೀಟಿನಲ್ಲಿ ಕೂತಾಗ ಊರಿನ ಅರ್ಧ ಜನ ಅಂಚೆ ಕಚೇರಿಯ ಎದುರಿಗಿದ್ದರು. ಗಸಗಸೆಯವರು ತಟ್ಟೆ ತಂದಿದ್ದರು, ಒದೆಯುವವರು ದಪ್ಪ ಬೂಟು ಹಾಕಿದ್ದರು. ನೀಲಿ ಗಾಡಿಯನ್ನು ಲುಮಿರ್ ಬೇರೆ ದಾರಿ ಕಾಣದೆ ತನ್ನ ಎಳೆಯುವ ಟ್ರಕ್ಕಿನಿಂದ ಅಲ್ಲಿಗೆ ತಂದು ನಿಲ್ಲಿಸಿದ್ದ. ಯಾಕೆ ಎಳೆದು ತಂದೆ ಎಂದು ಪ್ರೌಟಿ ಕೇಳಿದ್ದಕ್ಕೆ, "ಟೈರು ಸವೀಬಾರ್ದು ಅಂತ" ಎಂದಿದ್ದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಲಿಬ್ಬಿ ಬಲತುದಿಗೆ ಜಾರಿ ಕೂತು, ಟ್ರೇ ಸರಿಮಾಡಿಕೊಂಡು, ಎಡಗೈ ಚಾಚಿ ಕೀ ತಿರುಗಿಸಿದಳು.

ಗಾಡಿ ಚಾಲೂ ಆಯಿತು.

ಸ್ಟಾನೆಕ್ ಟೋಪಿ ತೆಗೆದ. ಲುಮಿರ್ ಸುತ್ತ ನೋಡಿದ, ಯಾರ ಬಾಯಲ್ಲೂ ಕೊಲಾಚೆ ಇರಲಿಲ್ಲ, ಯಾರೂ ಒದ್ದಿರಲಿಲ್ಲ. ಅವನು ಟ್ರಕ್ಕಿಗೆ ಹಾರಿ, ಹಗ್ಗ, ಕ್ಲಿಪ್ಪಿನ ಚೀಲ, ಕೊಲಾಚೆಯ ತಟ್ಟೆ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡು ಹಿಂದೆ ಹೊರಟ.

ಆ ಬೆಳಗಿನ ಪಾಡನ್ನು ಅವನು ಯಾರಿಗೂ ಪೂರ್ತಿ ಹೇಳಲಿಲ್ಲ. ಮುಂದೆ ನೀಲಿ ಗಾಡಿ ಡಬ್ಬಿಯ ಹತ್ತಿರ ನಿಂತಾಗಲೆಲ್ಲ ಹಿಂದೆ ಇವನ ಎದೆಯೂ ನಿಲ್ಲುವುದು. ಅದು ಹೊರಟಾಗ ಇದೂ ಹೊರಡುವುದು. ರಿಜಿಸ್ಟರ್ ಕಾಗದ ಇರುವ ಕಡೆ ಲಿಬ್ಬಿ ಇಂಜಿನ್ ಆರಿಸಿ, ಕೀ ಕಿತ್ತುಕೊಂಡು ಇಳಿಯಬೇಕು, ಅದು ಕಾನೂನು. ಹಾಗೆ ಅವಳು ಇಳಿದಾಗ ಇವನು ಟ್ರಕ್ಕಿನೊಳಗೆ ತನಗೆ ಗೊತ್ತಿದ್ದ ಸಂತರನ್ನೆಲ್ಲ ಕರೆದ. ಅವಳು ಮರಳಿ ಬಂದು ಸುಮ್ಮನೆ ತಿರುಗಿಸುವಳು, ಗಾಡಿ ಸುಮ್ಮನೆ ಶುರುವಾಗುವುದು. ಬಿಸಿಲು ಏರಿತು, ಡಾಂಬರು ಬೆವರಿತು, ನೆರಳಿನಲ್ಲಿ ನಿಂತ ಹಸುಗಳು ನೇರವಾಗಿ ಹಾಲಿನ ಪುಡಿಯನ್ನೇ ಕೊಡುವಷ್ಟು ಸೆಕೆಯಾಯಿತು. ನೀಲಿ ಗಾಡಿ ಮಾತ್ರ ಒಮ್ಮೆಯೂ ಕೆಮ್ಮಲಿಲ್ಲ. ದಾರಿಯ ಅರ್ಧ ಮುಗಿಯುವಾಗ ಲುಮಿರನಿಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ.

ಅವನು ಏಪ್ರಿಕಾಟಿನ ಕೊಲಾಚೆಗೆ ಕೈ ಹಾಕಿದ್ದೇ ತಪ್ಪಾಯಿತೇನೋ.

ವೊಂದ್ರಾ ಮನೆಗೆ ಅಂದು ಕೋಳಿಮರಿಗಳು ಬಂದಿದ್ದವು. ಮೊಟ್ಟೆಯೊಡೆದ ದಿನವೇ ತೂತು ರಟ್ಟಿನ ಪೆಟ್ಟಿಗೆಯಲ್ಲಿ ಅಂಚೆಗೆ ಬೀಳುವ ಮರಿಗಳು. ಪೆಟ್ಟಿಗೆ ಚಿಂವ್ ಚಿಂವ್ ಎನ್ನುತ್ತಾ ಪ್ರೌಟಿಯವರ ತೊಡೆಯ ಮೇಲೆ ಊರಿನಿಂದ ಇಲ್ಲಿಯವರೆಗೆ ಬಂದಿತ್ತು. ಎರಡು ಪೆಟ್ಟಿಗೆ. ಲಿಬ್ಬಿ ಗೇಟಿನ ಮುಂದೆ ಗಾಡಿ ಆರಿಸಿ ಮೊದಲನೆಯದನ್ನು ಹೊತ್ತು ಒಳಗೆ ಹೋದಳು. ನಾಯಿ ಅವಳ ಜೊತೆ ಕುಣಿದುಕೊಂಡು ಹೋಯಿತು. ಹಿಂದಿನಿಂದ ಹುಲ್ಲು ತುಂಬಿದ ಟ್ರಾಕ್ಟರೊಂದು ಬಂದು ಹಾರ್ನು ಹೊಡೆಯಿತು. ನೀಲಿ ಗಾಡಿ ದಾರಿಗೆ ಅಡ್ಡ ಇತ್ತು. ಲಿಬ್ಬಿ ಗಡಿಬಿಡಿಯಲ್ಲಿ ಕೀ ಅಲ್ಲೇ ಬಿಟ್ಟಿದ್ದಳು. ಒಳ್ಳೆಯ ಮನುಷ್ಯರಾದ ಪ್ರೌಟಿ, ತಾವೇ ಸರಿಸೋಣವೆಂದು ಎರಡನೆಯ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಚಾಲಕನ ಜಾಗಕ್ಕೆ ಬಂದರು. ಎರಡು ಸಲ ತುಳಿದರು, ಮೂರನೆಯದಕ್ಕೆ ಅರ್ಧ ಹಿಡಿದು ತಿರುಗಿಸಿದರು.

ರೊಯ್ಯ ರೊಯ್ಯ.

ಲುಮಿರನ ಬಾಯಲ್ಲಿದ್ದ ಕೊಲಾಚೆ ಕಲ್ಲಾಯಿತು. ಅವನು ಓಡಿದ. "ನೀವ್ ಇಳೀರಿ ಸಾರ್, ಇಳೀರಿ, ಇದು ನನ್ನ ಕೆಲಸ!" ತಾನು ಕೂತ. ತುಳಿದ, ಹಿಡಿದ, ತಿರುಗಿಸಿದ. ರೊಯ್ಯ ರೊಯ್ಯ. ಬಾಗಿಲು ಒದ್ದ. ಟ್ರಾಕ್ಟರಿನವನಿಗೆ, "ನಿನ್ನ ಹತ್ರ ಗಸಗಸೆ ಇದೆಯೇನಯ್ಯಾ?" ಎಂದು ಕೂಗಿದ.

"ಏನಿದೆಯಾ?"

ಪೆಟ್ಟಿಗೆಯೊಳಗೆ ಮರಿಗಳ ಸದ್ದು ಸಣ್ಣಗಾಗುತ್ತಿತ್ತು. ಪ್ರೌಟಿ ಗಡಿಯಾರ ನೋಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ಮಿಸ್ಟರ್ ಝೆಲೆಂಕಾ," ಎಂದರು ಅವರು ಮೆಲ್ಲಗೆ, "ನಂಗೂ ಬೇಜಾರಾಗುತ್ತೆ. ಆಕೆ ಒಳ್ಳೆ ಹೆಂಗಸು. ಆದ್ರೆ ಗಾಡಿ ನಿಂತ್ಹೋಯ್ತಲ್ಲ."

ಲಿಬ್ಬಿ ಹೊರಗೆ ಬಂದಳು. ರಸ್ತೆಯಲ್ಲಿ ಟ್ರಾಕ್ಟರು, ಬೆವರಿದ ಪೋಸ್ಟ್‌ಮಾಸ್ಟರು, ಸ್ಟಿಯರಿಂಗಿಗೆ ಹಣೆಯೂರಿ ಕೂತ ಲುಮಿರ್. ಅವಳಿಗೆ ಎಲ್ಲ ತಿಳಿಯಿತು. ಬಿಳಿಚಿಕೊಂಡಳು, ಆದರೆ ನಿಲ್ಲಲಿಲ್ಲ.

"ಇಳಿ ಲುಮಿರ್. ಮರಿಗಳು ಸಾಯ್ತವೆ. ಪೆಟ್ಟಿಗೆ ಒಳಗೆ ಕೊಟ್ಟು ಬಾ."

"ಪ್ರಯೋಜನ ಇಲ್ಲ ತಾಯಿ, ಇದು..."

"ಇಳಿ ಅಂದ್ನಲ್ಲ."

ಲುಮಿರ್ ಇಳಿದು ಪೆಟ್ಟಿಗೆ ಎತ್ತಿಕೊಂಡ. ಅವಳು ಬಲಬಾಗಿಲಿನಿಂದ ಹತ್ತಿದಳು. ಅವನು ತೆರೆದ ಬಾಗಿಲಿನ ಹತ್ತಿರ ಮರಿಗಳನ್ನು ಹಿಡಿದುಕೊಂಡು ನಿಂತಿದ್ದರಿಂದ, ಜೀವನದಲ್ಲಿ ಮೊದಲ ಸಲ ನಾದಿನಿಯ ಚಪ್ಪಲಿಗಳನ್ನು ನೋಡಿದ. ಎರಡೂ ಜೋಡಿಯಾಗಿ, ಚರ್ಚಿಗೆ ಬಂದ ಅಕ್ಕತಂಗಿಯರಂತೆ, ಬಲಮೂಲೆಯಲ್ಲಿ ಕೂತಿದ್ದವು. ಪೆಡಲಿನ ಹತ್ತಿರ ಯಾರೂ ಇರಲಿಲ್ಲ. ಅವಳು ಟ್ರೇಯ ಮೇಲಿಂದ ಎಡಗೈ ಚಾಚಿ ತಿರುಗಿಸಿದಳು.

ಗಾಡಿ ಚಾಲೂ ಆಯಿತು.

"ಲಿಬ್ಬಿ," ಎಂದ ಲುಮಿರ್. "ನೀನು ತುಳೀಲಿಲ್ಲ."

"ಕೈ ಅಷ್ಟು ದೂರ ಚಾಚ್ಕೊಂಡು ಕಾಲೂ ಚಾಚೋಕೆ ನಾನೇನು ಸರ್ಕಸ್ಸಿನವಳಾ? ಶುರುವಾದ್ಮೇಲೆ ಕಾಲು ಹಾಕ್ತೀನಿ. ಯಾವಾಗ್ಲೂ ಹಾಗೇ. ನೀನು ಬೈತಿದ್ಯಲ್ಲ ಅದಕ್ಕೇ."

"ಆರ್ಸು."

"ಏನು?"

"ಒಂದ್ಸಲ ಆರ್ಸು ತಾಯಿ, ನಿಂಗೆ ಕೈ ಮುಗೀತೀನಿ."

ಅವಳು ಆರಿಸಿದಳು. ಪ್ರೌಟಿ ಕಣ್ಣು ಮುಚ್ಚಿಕೊಂಡರು. ಲುಮಿರ್ ಪೆಟ್ಟಿಗೆಯನ್ನು ಅವರ ಕೈಗೆ ತುರುಕಿ, ಸುತ್ತಿ ಓಡಿ, ಚಾಲಕನ ಜಾಗದಲ್ಲಿ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಬಾಗಿಲಿನಿಂದ ಹೊರಗಿಟ್ಟ. ಕಾಲು ಗಾಳಿಯಲ್ಲೇ ಎರಡು ಸಲ ತುಳಿಯಿತು. ಮೂರನೆಯದಕ್ಕೆ ಅರ್ಧ ಹಿಡಿದು ನಿಂತಿತು. ಅವನು ಕೀ ತಿರುಗಿಸಿದ.

ಗಾಡಿ ಚಾಲೂ ಆಯಿತು.

ವಿಷಯ ಇಷ್ಟೇ. ಇಂಜಿನ್ನು ಶುರುವಾಗುವಾಗ ಉಸಿರು ಎಳೆಯುತ್ತದೆ; ಆ ಎಳೆತ ತಾಗಿದರೆ ಅಲ್ಯುಮಿನಿಯಮ್ ಡಬ್ಬ ಮೊದಲ ಗುಟುಕು ಪೆಟ್ರೋಲು ಬಿಡುತ್ತದೆ. ಪೆಡಲು ಒತ್ತಿ ಹಿಡಿದರೆ ಗಾಳಿಯ ಬಾಗಿಲು ತೆರೆದುಕೊಂಡು ಎಳೆತ ಸತ್ತುಹೋಗುತ್ತದೆ, ಸೀಳಿದ ಸ್ಟ್ರಾದಲ್ಲಿ ಸೋಡಾ ಹೀರಿದ ಹಾಗೆ. ಕಾರ್ಬ್ಯುರೇಟರಿಗೆ ಯಾವುದು ಪೂಜೆಯೋ ಇದಕ್ಕೆ ಅದೇ ಕತ್ತು ಹಿಸುಕುವುದು. ದಂತವೈದ್ಯ ಹಿಸುಕಿದ, ಲುಮಿರ್ ಹಿಸುಕಿದ, ಪೋಸ್ಟ್‌ಮಾಸ್ಟರೂ ಹಿಸುಕಿದರು. ಗಾಡಿಗೆ ಯಾವ ರೋಗವೂ ಇರಲಿಲ್ಲ. ರೋಗವಿದ್ದದ್ದು ಊರಿನ ಬಲಗಾಲುಗಳಿಗೆ.

ಲುಮಿರ್ ಕಾಲನ್ನು ಹೊರಗೇ ಬಿಟ್ಟುಕೊಂಡು ನಗಲು ಶುರುಮಾಡಿದ. ಎಷ್ಟು ನಕ್ಕನೆಂದರೆ ವೊಂದ್ರಾ ಮನೆಯ ಗಾಳಿಯಂತ್ರ ಗಾಳಿಯಿಲ್ಲದೆಯೇ ತಿರುಗಿತು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ, ಆಮೇಲೆ ಸ್ವಲ್ಪ ಹೊತ್ತು ಬರೀ ಕಣ್ಣೊರೆಸಿಕೊಂಡ.

"ಪ್ರೌಟಿಯವ್ರೇ," ಎಂದಳು ಲಿಬ್ಬಿ. ಅವಳ ಕೈ ಟ್ರೇಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. "ಈಗ ಗಾಡಿ ನಿಂತಿತ್ತು ಅಂತ ಬರೀತೀರಾ?"

ಪ್ರೌಟಿ ತಮ್ಮ ಬಲಬೂಟನ್ನು ಬಹಳ ಹೊತ್ತು ನೋಡಿಕೊಂಡರು. ಅವರೂ ಮನೆಯಲ್ಲಿ ಕಾರ್ಬ್ಯುರೇಟರ್ ಗಾಡಿ ಇಟ್ಟವರು.

"ಗಾಡಿ ಎಲ್ಲಮ್ಮ ನಿಂತಿತ್ತು? ನಾನು ನಿಲ್ಲಿಸಿದ್ದೆ. ಪೋಸ್ಟ್‌ಮಾಸ್ಟರ್ ಅಡ್ಡಿಪಡಿಸಿದ್ರೆ ಅಂಚೆಯವರು ಏನ್ ಮಾಡೋಕಾಗುತ್ತೆ?" ಕೈಯಲ್ಲಿದ್ದ ಪೆಟ್ಟಿಗೆಯನ್ನು ಸರಿಮಾಡಿಕೊಂಡರು. "ಇವನ್ನ ಒಳಗೆ ಕೊಡ್ತೀನಿ. ಆ ನಾಯಿ ಏನಾದ್ರೂ ಮಾಡುತ್ತಾ?"

"ಮಾಡುತ್ತೆ. ಆದ್ರೆ ಅದು ನಿಮ್ಮ ಇಲಾಖೆಗೆ ಬರಲ್ವಲ್ಲ."

ನಾಯಿ ಅವರ ಪ್ಯಾಂಟಿನ ತುದಿಯನ್ನಷ್ಟೇ ಇಟ್ಟುಕೊಂಡು ಮರಿಗಳನ್ನೂ ಮನುಷ್ಯನನ್ನೂ ಬಿಟ್ಟುಕೊಟ್ಟಿತು. ಒಂದು ಮರಿಯೂ ಸಾಯಲಿಲ್ಲ. ಅವರ ಕಾಗದ ಅಂದೇ ಹೊರಟಿತು, ಲಿಬ್ಬಿ ಕಾಯಂ ಆದಳು. ಒಮಾಹಾದ ಅಕ್ಕನಿಗೆ ಸಾಸೇಜು ಕಟ್ಟಲು ಬೇರೆ ಜೊತೆ ಹುಡುಕಿಕೊಳ್ಳುವಂತೆ ಬರೆದಳು.

ಅಂದು ಸಂಜೆ ಲುಮಿರ್ ಲಿಂಕನ್ನಿನ ದಂತವೈದ್ಯನಿಗೆ ಫೋನು ಮಾಡಿ ಸಂಗತಿ ಹೇಳಿದ. ಆ ತುದಿಯಲ್ಲಿ ಯಾರೋ ಎರಡು ಸಲ ನೆಲ ತುಳಿದ ಸದ್ದು, ಫೋನು ಇಟ್ಟ ಸದ್ದು. ಬುಧವಾರ ಬಂದ ಕಾರ್ಬ್ಯುರೇಟರನ್ನು ಲುಮಿರ್ ಒರೆಸಿ ಬೆಂಚಿನ ಮೇಲಿಟ್ಟ. ಸ್ಟಾನೆಕ್ ಅದರಲ್ಲಿ ಪೈಪಿನ ಬೂದಿ ಕೊಡವುತ್ತಾನೆ. ಗಸಗಸೆಯವರೂ ಒದೆಯುವವರೂ ಒಂದೇ ಮೇಜಿಗೆ ಬಂದರು, ಆದರೆ ಗಸಗಸೆಯವರು ತಮ್ಮ ಮತವನ್ನು ಪೂರ್ತಿ ಬಿಟ್ಟಿಲ್ಲ. ಹಳೆಯ ಗಾಡಿಯಿಂದ ಕಳಚಿದ ಕ್ಲಿಪ್ಪುಗಳೆಲ್ಲ ಆಲ್ಬಿನಾಳ ತಂತಿಗೆ ಮರಳಿದವು. ಅಂದಿನಿಂದ ಅವಳ ಬಟ್ಟೆಗಳಿಗೆ ಸ್ವಲ್ಪ ಪೆಟ್ರೋಲಿನ ಘಮ, ಒಂದು ಚಾದರವೂ ಊರು ಬಿಟ್ಟು ಹೋಗಿಲ್ಲ.

ಮುಂದಿನ ಭಾನುವಾರ ಚರ್ಚಿನಲ್ಲಿ ಆರ್ಗನ್ ಶುರುವಾಗುವ ಹೊತ್ತಾಯಿತು. ಹಲಗೆಯ ಟಕಟಕ ಸದ್ದು ಕೇಳಿಸಲಿಲ್ಲ. ಆಲ್ಬಿನಾ ಗಾಬರಿಯಾಗಿ ಕೆಳಗೆ ನೋಡಿದಳು.

"ಏನಯ್ಯಾ, ಕಾಲೆಲ್ಲಿ?"

ಲುಮಿರ್ ಗಂಭೀರವಾಗಿ ಕಣ್ಣಿನಲ್ಲೇ ತೋರಿಸಿದ. ಬಲಗಾಲು ಬೆಂಚಿನಿಂದಾಚೆ, ನಡುದಾರಿಯಲ್ಲಿ ಉದ್ದಕ್ಕೆ ಚಾಚಿಕೊಂಡಿತ್ತು. ಕಾಣಿಕೆಯ ತಟ್ಟೆ ಹಿಡಿದು ಬರುತ್ತಿದ್ದ ಸ್ಟಾನೆಕ್ ಅದನ್ನು ಎಡವದೆ, ಪರಿಚಯದವರ ಮನೆಯ ಹೊಸ್ತಿಲು ದಾಟುವಂತೆ ಕಾಲೆತ್ತಿ ದಾಟಿದ. ಆರ್ಗನ್ ಮೊದಲನೆಯ ಸಲಕ್ಕೇ ನುಡಿಯಿತು.